ಸೂಟಿ ಮುಗಿಯುವ ಮುಂಚೆ ಬ್ಯಾಂಕಿಗೆ ಹೋಗಿ ಬನ್ನಿ

ಗದಗ ಸೀಮೆಯ ನಮ್ಮೂರಿನಲ್ಲಿ ಮಿಲಿಟರಿಯವರು ಸೂಟಿಗೆ ಬಂದರೆ ಮೊದಲ ವಾರ ಬೀಗರ ಮನೆ, ಆಮೇಲೆ ಹೊಲ, ಜಾತ್ರೆ, ಯಾರದೋ ಮದುವೆ. ಬ್ಯಾಂಕು ನೆನಪಾಗುವುದು ಹುಬ್ಬಳ್ಳಿ ಸ್ಟೇಷನ್ನಿಗೆ ಟ್ರಂಕು ಹೊರಡುವ ಹಿಂದಿನ ದಿನ. ಅವತ್ತು ನೋಡಿದರೆ ಭಾನುವಾರ.

ನಮ್ಮಕ್ಕನ ಮನೆಯಲ್ಲೂ ಹೀಗೇ ಆಯಿತು. ಮಗನ ಫೀ ಕಟ್ಟಲು ಹಣ ತೆಗೆಯಲು ಹೋದರೆ ಭಾವನ ಖಾತೆ ಬಂದ್. ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ ಮತ್ತೆ ಖಚಿತ ಮಾಡುವುದು, ಬಾಕಿ ಇದೆಯಂತೆ. "ನಿಮ್ಮ ಮನಿಯವರ ಫೋನಿಗೆ ಓಟಿಪಿ ಹೋಗೇತ್ರಿ, ಕೇಳಿ ಹೇಳ್ರಿ" ಎಂದರು ಕೌಂಟರಿನವರು. ಆ ಫೋನು ಇದ್ದದ್ದು ಗಡಿಯ ಹತ್ತಿರ, ನೆಟ್‌ವರ್ಕೇ ಸಿಗದ ಬೆಟ್ಟದ ಮೇಲೆ. ಅಕ್ಕ ಪಾಸ್‌ಬುಕ್ಕನ್ನು ಸೆರಗಿನೊಳಗೆ ಸುತ್ತಿಕೊಂಡು ವಾಪಸ್ ಬಂದಳು. ಹತ್ತೊಂಬತ್ತು ದಿನ ಭಾವನ ಫೋನ್ ಬರಲಿಲ್ಲ.

ಖಾತೆದಾರ ಊರಲ್ಲೇ ಇರುತ್ತಾನೆ ಎಂದುಕೊಂಡು ಮಾಡಿದ ವ್ಯವಸ್ಥೆ ಇದು. ಅದಕ್ಕೇ ಆತ ಊರಲ್ಲಿದ್ದಾಗಲೇ ಕೆಳಗಿನ ಕೆಲಸ ಮುಗಿಸಿಕೊಳ್ಳಿ. ಸೂಟಿಯ ಮೊದಲ ಸೋಮವಾರವೇ ಹೋಗಿ.

ಮೊದಲು ಕೆವೈಸಿ. ಮುಂದಿನ ಕೆವೈಸಿ ಯಾವಾಗ ಎಂದು ಕೇಳಿ, ಪಾಸ್‌ಬುಕ್ಕಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ವಿಳಾಸ, ಹೆಸರು ಏನೂ ಬದಲಾಗಿಲ್ಲ ಅಂದರೆ ಶಾಖೆಗೆ ಬರಲೇಬೇಕು ಅಂತ ಇಲ್ಲ. ನೋಂದಾಯಿಸಿದ ಮೊಬೈಲ್, ಇಮೇಲ್ ಅಥವಾ ಪತ್ರದ ಮೂಲಕ 'ಬದಲಾವಣೆ ಇಲ್ಲ' ಎಂದು ತಿಳಿಸಿದರೆ ಸಾಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. ಕೌಂಟರಿನಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ.

ಎರಡನೆಯದು, ಹೆಂಡತಿಯ ಹೆಸರು. ಎಟಿಎಂ ಕಾರ್ಡು ಹೆಂಡತಿಯ ಕೈಯಲ್ಲಿ, ಪಿನ್ನು ಸಕ್ಕರೆ ಡಬ್ಬಿಯ ಮುಚ್ಚಳದ ಒಳಗೆ: ಎಷ್ಟೋ ಮನೆಗಳ ಪದ್ಧತಿ ಇದು. ನಾಳೆ ಯಾರಾದರೂ ಹಣ ಎಗರಿಸಿದರೆ, ಪಿನ್ ಬೇರೆಯವರಿಗೆ ಕೊಟ್ಟದ್ದು ನಿಮ್ಮದೇ ತಪ್ಪು ಎಂದು ಬ್ಯಾಂಕು ಕೈ ತೊಳೆದುಕೊಳ್ಳಬಹುದು. ಅದರ ಬದಲು ಜಂಟಿ ಖಾತೆ ಮಾಡಿಸಿ. ಫಾರಂನಲ್ಲಿ 'ಐದರ್ ಆರ್ ಸರ್ವೈವರ್' ಎಂಬುದಕ್ಕೇ ಟಿಕ್ ಹಾಕಿ. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹಾರ ಮಾಡಬಹುದು, ಒಬ್ಬರು ಹೋದರೆ ಇನ್ನೊಬ್ಬರದು ನಿಲ್ಲುವುದಿಲ್ಲ. ಆಕೆಗೆ ಆಕೆಯದೇ ಕಾರ್ಡು ಕೇಳಿ ಪಡೆಯಿರಿ, ಆಕೆಯದೇ ಮೊಬೈಲ್ ನಂಬರು ಬರೆಸಿ.

ಹೆಂಡತಿಯ ಖಾತೆ ಹಳೆಯ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಇದೆಯಾ? ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಆ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಹಣ ಕಳಿಸಲು ಬೇಕಾದ ಶಾಖೆಯ ಗುರುತಿನ ಸಂಖ್ಯೆ, ಐಎಫ್‌ಎಸ್‌ಸಿ, ಈಗ ಯಾವುದು ಎಂದು ಕೇಳಿಕೊಂಡೇ ಹಣ ಕಳಿಸಿ.

ಮೂರನೆಯದು ನಾಮಿನಿ, ಅಂದರೆ ಖಾತೆದಾರ ತೀರಿಕೊಂಡರೆ ಬ್ಯಾಂಕು ಯಾರ ಕೈಗೆ ಹಣ ಕೊಡಬೇಕೋ ಅವರ ಹೆಸರು. ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಮನೆಯಲ್ಲಿ ಈ ಮಾತು ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ, ಗೊತ್ತು. ಅವ್ವ "ಬಿಡ್ತು ಅನ್ನು" ಅನ್ನುತ್ತಾಳೆ. ಆದರೆ ಭರ್ತಿಯಾದ ಹೊಸತರಲ್ಲಿ ಹುಡುಗ ಅವ್ವನ ಹೆಸರು ಬರೆಸಿರುತ್ತಾನೆ. ಮದುವೆಯಾಗಿ ಎರಡು ಮಕ್ಕಳಾದರೂ ಅದು ಹಾಗೇ ಇರುತ್ತದೆ. ತಿದ್ದಿದರೆ ಅವ್ವನಿಗೆ ಬೇಜಾರು, ಬಿಟ್ಟರೆ ಹೆಂಡತಿಗೆ ತೊಂದರೆ. ಒಂದೇ ಹೆಸರಿಗೆ ಜಾಗ ಇದ್ದಾಗ ಬೇರೆ ದಾರಿಯೂ ಇರಲಿಲ್ಲ.

ಈಗ ಇದೆ. ಬ್ಯಾಂಕಿಂಗ್ ಕಾನೂನು ತಿದ್ದುಪಡಿ ಕಾಯ್ದೆ, 2025ರ ನಾಮಿನಿ ಕಲಮುಗಳು 2025ರ ನವೆಂಬರ್ 1ರಿಂದ ಜಾರಿಯಲ್ಲಿವೆ. ಠೇವಣಿ ಖಾತೆಗೆ ನಾಲ್ಕು ಜನರ ತನಕ ಹೆಸರು ಬರೆಸಬಹುದು. ಒಟ್ಟಿಗೇ ಎಲ್ಲರಿಗೂ ಪಾಲು ಹಾಕಬಹುದು: ಹೆಂಡತಿಗೆ 60, ಅವ್ವನಿಗೆ 40, ಹೀಗೆ ಒಟ್ಟು ನೂರು ಆಗಬೇಕು. ಇಲ್ಲವೇ ಸಾಲಾಗಿ ಬರೆಸಬಹುದು. ಮೊದಲಿನವರು ಇಲ್ಲದಿದ್ದರೆ ಮಾತ್ರ ಎರಡನೆಯವರ ಸರದಿ. ಲಾಕರಿಗೆ ಪಾಲು ಹಾಕುವಂತಿಲ್ಲ, ಸಾಲಾಗಿ ಬರೆಸುವುದೊಂದೇ ದಾರಿ. ಸೈನಿಕರಿಗಾಗಿಯೇ ಮಾಡಿದ ಕಾನೂನು ಇದಲ್ಲ, ಆದರೆ ಅವರಷ್ಟು ಇದರ ಅಗತ್ಯ ಇನ್ಯಾರಿಗೂ ಇಲ್ಲ ಅನ್ನಿಸುತ್ತದೆ ನನಗೆ. 2016ರಲ್ಲಿ ಸಿಯಾಚಿನ್ನಿನ ಹಿಮದಡಿ ಸಿಲುಕಿ, ಆಮೇಲೆ ತೀರಿಕೊಂಡ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಕಂಡ ಧಾರವಾಡ ಜಿಲ್ಲೆಗೆ ಸಿಯಾಚಿನ್ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಎಚ್ಚರಿಕೆ. ನಾಮಿನಿ ಅಂದರೆ ವಾರಸುದಾರ ಅಲ್ಲ. ಬ್ಯಾಂಕು ಹಣ ಕೊಡುವುದು ಅವರ ಕೈಗೆ, ಆದರೆ ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಜಗಳದ ಭಯ ಇದ್ದರೆ ಮೃತ್ಯುಪತ್ರವೂ ಬೇಕು.

ಪಗಾರದ ಖಾತೆ ರಕ್ಷಣಾ ಸಿಬ್ಬಂದಿಯ ಸ್ಯಾಲರಿ ಪ್ಯಾಕೇಜಿನಲ್ಲಿ ಇದೆಯೋ ಸುಮ್ನೆ ಉಳಿತಾಯ ಖಾತೆಯೋ ನೋಡಿ. ಅಪಘಾತ ವಿಮೆ ಸಿಗುವುದು ಪ್ಯಾಕೇಜಿಗೆ. ವಿಮೆ ಎಷ್ಟು, ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಸಾಲ ಇದ್ದರೆ ಸ್ವಲ್ಪ ಬೇರೆ ಕಥೆ. ಅಮೆರಿಕದಲ್ಲಿ 2003ರ ಕಾಯ್ದೆಯೊಂದಿದೆ: ಸೇನೆಯ ಸಕ್ರಿಯ ಸೇವೆಗೆ ಹೋಗುವ ಮುಂಚೆ ಮಾಡಿದ ಸಾಲಕ್ಕೆ, ಸೇವೆಯಲ್ಲಿರುವಷ್ಟು ದಿನ ಶೇ 6ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ನಮ್ಮಲ್ಲಿರುವುದು 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆ. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯ ಜಾಗದಲ್ಲಿರುವ ಯೋಧನ ಮೇಲೆ ವಸೂಲಿ ದಾವೆ ಬಿದ್ದರೆ, ಆತ ಬರಲಾಗದು ಎಂಬ ಪ್ರಮಾಣಪತ್ರದ ಮೇಲೆ ಕೋರ್ಟು ಅದನ್ನು ಮುಂದಕ್ಕೆ ಹಾಕುತ್ತದೆ. ಆತನ ಪರವಾಗಿ ಜಿಲ್ಲಾಧಿಕಾರಿಯೂ ಕೋರ್ಟಿಗೆ ತಿಳಿಸಬಹುದು. ಸಾಲ ಮಾತ್ರ ಮಾಫಿ ಆಗದು, ಬಡ್ಡಿಯೂ ಇಳಿಯದು. ನೂರು ವರ್ಷ ದಾಟಿದ ಈ ಕಾಯ್ದೆಯನ್ನು ಬ್ಯಾಂಕಿನ ಕೌಂಟರಿನ ತನಕ ತರುವ ಕೆಲಸ ನಮ್ಮ ಸಂಸದರದು. ಓಟು ಕೇಳಲು ಬಂದಾಗ ಕೇಳಬೇಕಾದ ಪ್ರಶ್ನೆ ಅಲ್ವಾ?

ಕೆಲಸ ಆಗದಿದ್ದರೆ ಬಾಯಿಮಾತಿನ ಜಗಳ ಬೇಡ. ಎರಡು ಪ್ರತಿ ಅರ್ಜಿ ಬರೆಯಿರಿ, ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಒಂಬುಡ್ಸ್‌ಮನ್‌ಗೆ, ಸಿಎಂಎಸ್ ಎಂಬ ಅದರ ದೂರಿನ ವೆಬ್‌ಸೈಟಿನಲ್ಲಿ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ದಾರಿ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ.

ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತುಬಿಡಿ. ನಮ್ಮಕ್ಕ ಈಗ ಹಾಗೇ ಮಾಡುತ್ತಾಳೆ, ಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು.