ಕಲೆಯ ಕೆಲಸದವರು ಒಬ್ಬರಿಗೊಬ್ಬರು ಆಗುವುದು ಹೇಗೆ

ನಾನು ಕೊಪ್ಪಳದಲ್ಲಿ ಲಗ್ನಪತ್ರಿಕೆ, ಪೋಸ್ಟರ್, ಅಂಗಡಿ ಬೋರ್ಡ್ ಡಿಸೈನ್ ಮಾಡುತ್ತೇನೆ. ಗಂಗಾವತಿಯ ಗೆಳತಿ ಮದುವೆ ಫೋಟೋ ತೆಗೆಯುತ್ತಾಳೆ. ಕಿನ್ನಾಳದ ಅಣ್ಣ ಒಬ್ಬರು ಮರದ ಗೊಂಬೆಗೆ ಬಣ್ಣ ಹಚ್ಚುತ್ತಾರೆ. ಮೂವರ ಕೆಲಸ ಬೇರೆ, ತಾಪತ್ರಯ ಮಾತ್ರ ಒಂದೇ. ಕೂತು ಮಾಡುವಾಗಲೂ ಒಬ್ಬರೇ, ಗಿರಾಕಿ ಎದುರಿಗೂ ಒಬ್ಬರೇ. ನಿಮ್ಮದೂ ಇದೇ ಪಾಡಾಗಿದ್ದರೆ ಇಬ್ಬರನ್ನೋ ಮೂವರನ್ನೋ ಹುಡುಕಿಕೊಳ್ಳಿ. ದೊಡ್ಡ ಗುಂಪು ಬೇಡ. ಐವತ್ತು ಜನರ ವಾಟ್ಸಾಪ್ ಗ್ರೂಪಿನಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಶುರುವಿಗೇ ದುಡ್ಡಿನ ಮಾತು ಆಡಿ. ನಮ್ಮ ಕಡೆ ಇದಕ್ಕೆ ಭಾಳ ಸಂಕೋಚ. ಗಿರಾಕಿ ಬಂದು ‘ಅಲ್ಲಿ ಅರ್ಧ ರೇಟಿಗೆ ಮಾಡಿಕೊಡ್ತಾರ್ರೀ’ ಅಂದಾಗ, ಉಳಿದವರ ರೇಟ್ ಗೊತ್ತಿಲ್ಲದವರು ಹೆದರಿ ಇಳಿಸಿಬಿಡುತ್ತಾರೆ. ಆದ್ದರಿಂದ ಸುಮ್ನೆ ‘ಎಷ್ಟು ತಗೋತೀರಿ’ ಅಂತ ಕೇಳಿ ಬಿಡಬೇಡಿ. ಅಡ್ವಾನ್ಸ್ ಎಷ್ಟು? ತಿದ್ದುಪಡಿ ಎಷ್ಟು ಸಲ ಪುಕ್ಕಟೆ? ಓಪನ್ ಫೈಲ್ (ಮತ್ತೆ ತಿದ್ದಲು ಬರುವ ಮೂಲ ಫೈಲ್) ಕೊಡುತ್ತೀರಾ? ಬಾಕಿ ಉಳಿಸಿಕೊಂಡವರ ಹತ್ತಿರ ಹೇಗೆ ಕೇಳುತ್ತೀರಿ? ಎಲ್ಲ ಕೇಳಿ. ನಿಮ್ಮದನ್ನೂ ಮುಚ್ಚಿಡದೆ ಹೇಳಿ. ಕಾನೂನಿನ ತಿಳಿವಳಿಕೆಯೂ ಹೀಗೇ ಸಿಗುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರೇ ಮೊದಲ ಹಕ್ಕುದಾರರು. ಗಂಗಾವತಿ ಗೆಳತಿ ಇದನ್ನು ಹೇಳಿದ ಮೇಲೆ ನಾವು ಮೂವರೂ ಒಪ್ಪಂದವನ್ನು ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳುತ್ತೇವೆ.

ಕೆಲಸವನ್ನು ಅರ್ಧಕ್ಕೇ ತೋರಿಸಿ. ಪೂರ್ತಿ ಮುಗಿದ ಮೇಲೆ ತೋರಿಸಿದರೆ ‘ಚೆಂದಾಗೈತಿ’ ಅನ್ನದೆ ಪಾಪ ಅವರಾದರೂ ಏನು ಮಾಡಿಯಾರು? ‘ಹೆಂಗೈತಿ’ ಅಂತಲೂ ಕೇಳಬೇಡಿ. ‘ಮೊದಲು ಕಣ್ಣು ಎಲ್ಲಿ ಹೋಯ್ತು’ ಅಂತ ಕೇಳಿ. ಕಿನ್ನಾಳದ ಅಣ್ಣನಿಗೆ ಕಂಪ್ಯೂಟರ್ ಬರುವುದಿಲ್ಲ. ಆದರೆ ಯಾವ ಬಣ್ಣದ ಪಕ್ಕ ಯಾವುದು ಕೂಗುತ್ತದೆ ಅಂತ ಅವರು ಫೋನಿನಲ್ಲಿ ನೋಡಿಯೇ ಹೇಳುತ್ತಾರೆ. ಬೇರೆ ಕಸುಬಿನವರ ಗೆಳೆತನ ಜಾಸ್ತಿ ಬೆಲೆ ಬಾಳುವುದು ಇದಕ್ಕೇ. ಲಗ್ನಪತ್ರಿಕೆಯಂತೂ ಇನ್ನೊಬ್ಬರು ಓದದೆ ಪ್ರಿಂಟಿಗೆ ಹೋಗಲೇಬಾರದು. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಅಕ್ಷರಗಳನ್ನು ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಕಾಣುವ ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರವೋ ಅರ್ಕಾವತ್ತೋ ಜಾಗ ತಪ್ಪಿದರೆ, ಅದನ್ನೇ ನೋಡಿ ನೋಡಿ ದಣಿದ ನಿಮ್ಮ ಕಣ್ಣಿಗೆ ಕಾಣುವುದಿಲ್ಲ.

ಜನವರಿ ಸುಮಾರಿಗೆ ಗವಿಮಠದ ಜಾತ್ರೆ ಬರುತ್ತದೆ. ಆಗ ಕೊಪ್ಪಳದಲ್ಲಿ ಬ್ಯಾನರ್ ಕೆಲಸ ಒಬ್ಬರ ಕೈಲಿ ಮುಗಿಯದಷ್ಟು ಬರುತ್ತದೆ. ಆಗದ ಕೆಲಸವನ್ನು ಹಿಡಿದಿಟ್ಟುಕೊಂಡು ಕೆಡಿಸಬೇಡಿ, ದಾಟಿಸಿ. ಗೆಳೆಯರ ನಂಬರನ್ನು ಗಿರಾಕಿಗೆ ನೇರವಾಗಿ ಕೊಡಿ. ಕಮಿಷನ್ ಇಟ್ಟುಕೊಳ್ಳುವುದಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಗೆಳೆಯರ ಹತ್ತಿರ ಕೆಲಸ ಮಾಡಿಸಿಕೊಂಡರೆ ಪೂರ್ತಿ ದುಡ್ಡು ಕೊಡಿ. ‘ನಮ್ಮವರೇ ಅಲ್ವಾ’ ಅಂತ ಪುಕ್ಕಟೆ ಕೇಳುವುದು ಗೆಳೆತನಕ್ಕೆ ಒಳ್ಳೆಯದಲ್ಲ.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಗೆಳತಿಯ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ, ನನ್ನ ಫೋನೂ ಸುಮ್ಮನಿರುತ್ತದೆ. ‘ಈ ಕಸುಬೇ ಬಿಡೋಣ’ ಅನ್ನಿಸುವುದು ಆಗಲೇ. ಆ ತಿಂಗಳು ಭೇಟಿ ತಪ್ಪಿಸಬೇಡಿ. ಒಗ್ಗರಣಿ ಮಿರ್ಚಿ ತಿನ್ನುತ್ತಾ ಒಂದು ಮಧ್ಯಾಹ್ನ ಕೂತರೂ ಸಾಕು. ಆದರೆ ಕೈಯಲ್ಲಿ ಏನಾದರೂ ಕೆಲಸ ಇರಲಿ. ಹೋದ ವರ್ಷ ನಾವು ಅಣ್ಣನ ಗೊಂಬೆಗಳ ಫೋಟೋ ತೆಗೆದು, ಗಿರಾಕಿಗಳಿಗೆ ಕಳಿಸಲು ಒಂದು ಕ್ಯಾಟಲಾಗ್ ಮಾಡಿದೆವು. ಈ ಆಷಾಢದಲ್ಲಿ ಗೆಳತಿಯ ಆಲ್ಬಮ್ಮಿನ ಸರದಿ.