ಹಳೆಯ ಲಾರಿಗೆ ಹೊಸ ಡೀಸೆಲ್ ಪೈಪು: ನನ್ನ ಅನುಭವ

ದಾವಣಗೆರೆಯ ಹತ್ತಿ ಗಿರಣಿಗಳಿಗೆ ನಮ್ಮ ತಂದೆಯವರು ಅರಳೆ ಸಾಗಿಸುತ್ತಿದ್ದ 1967ರ ಟಾಟಾ ಮರ್ಸಿಡಿಸ್-ಬೆಂಝ್ ಲಾರಿ ಈಗಲೂ ನಮ್ಮ ಶೆಡ್ಡಿನಲ್ಲಿದೆ. 1954ರಲ್ಲಿ ಆರಂಭವಾದ ಆ ಎರಡು ಕಂಪನಿಗಳ ಸಹಯೋಗ 1969ರಲ್ಲಿ ಮುಗಿದದ್ದರಿಂದ, ಮೂತಿಯ ಮೇಲೆ ನಕ್ಷತ್ರ ಹೊತ್ತು ಬಂದ ಕೊನೆಕೊನೆಯ ಗಾಡಿಗಳಲ್ಲಿ ಇದೂ ಒಂದು. ಆರು ಸಿಲಿಂಡರಿನ ಅದರ ಎಂಜಿನ್ನಿನ ಸದ್ದು ಕೇಳುತ್ತಲೇ ನಾನು ಬೆಳೆದವನು. ಹಾಗಾಗಿ ಕಳೆದ ವರ್ಷ ಅದು ಏರಿನಲ್ಲಿ ಪದೇ ಪದೇ ನಿಲ್ಲತೊಡಗಿದಾಗ ಸುಮ್ಮನಿರಲಾಗಲಿಲ್ಲ.

ತೊಂದರೆಗೆ ಒಂದು ಕ್ರಮವಿತ್ತು. ಟ್ಯಾಂಕು ತುಂಬಿದ್ದಾಗ ಲಾರಿ ಚೆನ್ನಾಗಿಯೇ ಓಡುತ್ತಿತ್ತು; ಡೀಸೆಲ್ ಅರ್ಧಕ್ಕಿಳಿದ ಮೇಲೆ ಏರು ಸಿಕ್ಕರೆ ತಡವರಿಸಿ ನಿಂತುಬಿಡುತ್ತಿತ್ತು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ, ಡೀಸೆಲನ್ನು ಕೈಯಿಂದ ಎಳೆಯುವ ಹ್ಯಾಂಡ್ ಪಂಪನ್ನು ಮೂವತ್ತು ಸಲ ಒತ್ತದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಎರಡು ಸಲ ಫಿಲ್ಟರ್ ಬದಲಿಸಿದೆ, ಪಂಪನ್ನು ಬಿಚ್ಚಿ ಪರೀಕ್ಷೆಗೂ ಕಳುಹಿಸಿದೆ, ಪಂಪಿನಲ್ಲಿ ದೋಷವಿರಲಿಲ್ಲ. ಅಡಿಯಲ್ಲಿ ರಟ್ಟು ಹಾಸಿಟ್ಟು ನೋಡಿದರೆ ಒಂದು ಹನಿಯೂ ಸೋರಿರಲಿಲ್ಲ. ಕೊನೆಗೆ, ಲಾರಿ ಕೆಲಸದಲ್ಲೇ ತಲೆ ನರೆತ ಮೇಸ್ತ್ರಿಯೊಬ್ಬರು ಬಂದು ನೋಡಿ, "ಸೋರೋದು ಹುಡುಕಬೇಡಪ್ಪಾ, ಈ ಕಡೆ ಪೈಪು ಸೋರಲ್ಲ, ಗಾಳಿ ಎಳ್ಕೊಳ್ಳುತ್ತೆ" ಎಂದರು.

ಅವರ ಮಾತಿನ ಅರ್ಥ ಇಷ್ಟು. ಟ್ಯಾಂಕಿನಿಂದ ಡೀಸೆಲನ್ನು ಎಳೆಯುವುದು ಎಂಜಿನ್ನಿನ ಪಕ್ಕದಲ್ಲಿರುವ ಫೀಡ್ ಪಂಪು. ಅಲ್ಲಿಯವರೆಗಿನ ಪೈಪಿನೊಳಗೆ ಒತ್ತಡವಿರುವುದಿಲ್ಲ, ಎಳೆತವಿರುತ್ತದೆ. ಆದ್ದರಿಂದ ಕೂದಲೆಳೆಯಷ್ಟು ಬಿರುಕಿದ್ದರೂ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಟ್ಯಾಂಕಿನಲ್ಲಿ ಮಟ್ಟ ಇಳಿದಷ್ಟೂ ಪಂಪು ಹೆಚ್ಚು ಬಲವಾಗಿ ಎಳೆಯಬೇಕಾಗುತ್ತದೆ, ಗಾಳಿಯೂ ಹೆಚ್ಚು ಸೇರುತ್ತದೆ. ಎಂಜಿನ್ ನಿಂತ ಮೇಲೆ ಅದೇ ಬಿರುಕಿನಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ರಾತ್ರಿಯಿಡೀ ಟ್ಯಾಂಕಿಗೆ ಮರಳುತ್ತದೆ.

ಖಾತ್ರಿಗಾಗಿ ಫೀಡ್ ಪಂಪಿಗೆ ಸೇರುವ ಕಡೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪು ಜೋಡಿಸಿ ಎಂಜಿನ್ ಓಡಿಸಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಹರಿದುಬಂದವು. ಪೈಪನ್ನು ಚಾಸಿಗೆ, ಅಂದರೆ ಲಾರಿಯ ಅಡಿಯ ಚೌಕಟ್ಟಿಗೆ, ಬಿಗಿದಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದಾಗ ಮೂರನೆಯದರ ಅಡಿಯಲ್ಲಿ ಕೆಸರು ಕೂತು ಕಬ್ಬಿಣ ಕೊರೆದುಹೋಗಿತ್ತು. ಉಗುರಿನಿಂದ ಕೆರೆದರೆ ತುಕ್ಕು ಪದರವಾಗಿ ಎದ್ದುಬಂತು. ಹೊರಗೆ ಕಾಣುವ ಭಾಗ ಮಾತ್ರ ಬಣ್ಣ ಸಹ ಮಾಸದೆ ಹೊಸದರಂತಿತ್ತು.

ಹೊಸದಕ್ಕೆ ತಾಮ್ರದ ಪೈಪು ಹಾಕಲು ಹಲವರು ಹೇಳಿದರು, ಏಕೆಂದರೆ ಅದು ಕೈಯಲ್ಲೇ ಬಾಗುತ್ತದೆ. ನಾನು ಒಪ್ಪಲಿಲ್ಲ. ತಾಮ್ರ ಅಲುಗಾಟಕ್ಕೆ ಗಡುಸಾಗುತ್ತ ಹೋಗಿ ಜಾಯಿಂಟಿನ ಬಳಿ ಸೀಳುತ್ತದೆ; ಹೆಚ್ಚು ಕಾಲ ನಿಲ್ಲುವ ಗಾಡಿಯಲ್ಲಿ ಡೀಸೆಲನ್ನೂ ಬೇಗ ಕೆಡಿಸುತ್ತದೆ. ಹಾಗಾಗಿ ಹಳೆಯದರಷ್ಟೇ ಗಾತ್ರದ, 10 ಮಿಲಿಮೀಟರಿನ ಉಕ್ಕಿನ ಪೈಪು ತಂದು, ಹಳೆಯದನ್ನೇ ಅಚ್ಚಾಗಿಟ್ಟುಕೊಂಡು ಬೆಂಡ್ ಮಾಡಿದೆ. ಹಳೆಯ ಬ್ಯಾಂಜೊ ತುದಿಗಳನ್ನು (ಟೊಳ್ಳು ಬೋಲ್ಟು ತೂರಿಸಿ ಬಿಗಿಯುವ ಉಂಗುರದಂಥ ತುದಿಗಳು) ಬಿಡಿಸಿ, ಲಾರಿಯಿಂದ ದೂರದ ಅಂಗಡಿಯಲ್ಲಿ ಹೊಸ ಪೈಪಿಗೆ ಬ್ರೇಜಿಂಗ್ (ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆಯುವುದು) ಮಾಡಿಸಿದೆ. ಬಳಿಕ ಒಂದು ತುದಿ ಮುಚ್ಚಿ, ಇನ್ನೊಂದರಿಂದ ಸ್ವಲ್ಪವೇ ಗಾಳಿ ತುಂಬಿಸಿ, ದನಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದೆ. ಗುಳ್ಳೆ ಏಳಲಿಲ್ಲ.

ಪೈಪು ಕತ್ತರಿಸಿದಾಗ ಉಳಿಯುವ ಉಕ್ಕಿನ ಪುಡಿಯ ವಿಷಯದಲ್ಲಿ ಉದಾಸೀನ ಸಲ್ಲದು. ಡೀಸೆಲನ್ನು ಭಾರಿ ಒತ್ತಡದಲ್ಲಿ ಎಂಜಿನ್ನಿಗೆ ತಳ್ಳುವ ಇಂಜೆಕ್ಷನ್ ಪಂಪಿನ ಪ್ಲಂಜರಿಗೂ (ಒತ್ತುವ ಕಡ್ಡಿ) ಅದು ಆಡುವ ಬ್ಯಾರಲ್ಲಿಗೂ (ಕೊಳವೆ) ನಡುವಿನ ಅಂತರ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುವುದರಿಂದ ಒಂದು ಚೂರು ಸಾಕು, ಪಂಪೇ ಹಾಳಾಗುತ್ತದೆ. ನಾನು ಪೈಪನ್ನು ಮೂರು ಸಲ ಡೀಸೆಲ್‌ನಲ್ಲಿ ತೊಳೆದು, ಗಾಳಿ ಊದಿಸಿ, ಜೋಡಿಸುವ ಕ್ಷಣದವರೆಗೂ ತುದಿಗಳನ್ನು ಮುಚ್ಚಿಟ್ಟಿದ್ದೆ. ಎಂಜಿನ್ ಅಲುಗುತ್ತದೆ, ಚಾಸಿ ಅಲುಗುವುದಿಲ್ಲ. ಆದ್ದರಿಂದ ಎರಡರ ನಡುವೆ ಡೀಸೆಲ್ ತಾಳುವ ನೈಟ್ರೈಲ್ ರಬ್ಬರಿನ ತುಂಡನ್ನು ಸೈಲೆನ್ಸರಿನಿಂದ ದೂರವಿರುವಂತೆ ಹಾಕಿದೆ. ಕ್ಲಿಪ್ಪುಗಳ ಒಳಗೆ ರಬ್ಬರ್ ಪಟ್ಟಿ ಇಟ್ಟೆ. ಬ್ಯಾಂಜೊ ಬೋಲ್ಟುಗಳ ತಾಮ್ರದ ವಾಷರುಗಳಂತೂ ಎಲ್ಲವೂ ಹೊಸವು. ಹಳೆಯದನ್ನೇ ಬಳಸುವ ಅನಿವಾರ್ಯವಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಬೇಕು.

ಏರ್ ತೆಗೆಯುವ, ಅಂದರೆ ಪೈಪು ಬಿಚ್ಚಿದಾಗ ಒಳಸೇರಿದ ಗಾಳಿಯನ್ನು ಹೊರಹಾಕುವ, ಕೆಲಸ ಅರ್ಧ ಗಂಟೆ ಹಿಡಿಯಿತು. ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪು ಒತ್ತಿ ಬಿಗಿಗೊಳಿಸಿದೆ. ಅನಂತರ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿ ಅದನ್ನೇ ಮಾಡಿದೆ. ಕೊನೆಗೆ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಡೆಯ ನಟ್ಟುಗಳನ್ನು ಸ್ವಲ್ಪವೇ ಸಡಿಲಿಸಿ ಸೆಲ್ಫ್ ಹೊಡೆದೆ. ಈ ಹಂತದಲ್ಲಿ ಯಾರೂ ಕೈ ಅಡ್ಡ ಹಿಡಿಯಬಾರದು, ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಪಾರದರ್ಶಕ ತುಂಡನ್ನು ಒಂದು ವಾರ ಹಾಗೆಯೇ ಬಿಟ್ಟಿದ್ದೆ. ಅರ್ಧ ಟ್ಯಾಂಕಿನಲ್ಲಿ ಚಿತ್ರದುರ್ಗದ ಕಡೆ ಹೋಗಿ ಬಂದು, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಬಾನೆಟ್ ಎತ್ತಿದಾಗ ಅದರ ತುಂಬ ಡೀಸೆಲ್ ಅಲ್ಲಾಡದೆ ನಿಂತಿತ್ತು. ಹ್ಯಾಂಡ್ ಪಂಪು ಎರಡನೆಯ ಒತ್ತಿಗೇ ಗಟ್ಟಿಯಾಯಿತು. ಅಂದೇ ಆ ತುಂಡನ್ನು ತೆಗೆದು ಅಲ್ಲಿಗೂ ರಬ್ಬರ್ ಪೈಪನ್ನು ಕಾಯಂ ಆಗಿ ಕೂರಿಸಿದೆ.