ಬೆನ್ನಿನ ಆಪರೇಷನ್ ಆದ ಮೇಲೆ ಕಣಕಾಲು ಊದಿದರೆ

ಆಪರೇಷನ್ ಆಗಿದ್ದು ಬೆನ್ನಿಗೆ, ಕಾಲು ಯಾಕೆ ಊದಿತು ಎಂದು ಮನೆಯವರು ಗಾಬರಿಯಾಗುತ್ತಾರೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿಯೇ ಇದ್ದರೆ, ಕಾಲು ಇಳಿಬಿಟ್ಟು ಕೂತರೆ ಆ ಕೆಲಸ ನಿಂತು ನೀರು ಕೆಳಗೇ ಉಳಿಯುತ್ತದೆ.

ಮೊದಲು ಎರಡೂ ಕಾಲು ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಕಾಲು ಊದಿದ್ದರೆ, ಮೀನಖಂಡ ನೋಯುತ್ತಿದ್ದರೆ, ಬಿಸಿಯಾಗಿ ಕೆಂಪಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಒತ್ತಬೇಡಿ. ತಕ್ಷಣ ಡಾಕ್ಟರಿಗೆ ತೋರಿಸಿ. ಏದುಸಿರು, ಎದೆನೋವು ಬಂದರೆ ಆಂಬುಲೆನ್ಸ್ ಕರೆಯಿರಿ. ಎರಡೂ ಸಮನಾಗಿ ಊದಿದ್ದರೂ ಡಾಕ್ಟರ ಕಿವಿಗೆ ಹಾಕಿ.

ಎಚ್ಚರ ಇದ್ದಾಗಲೆಲ್ಲ ಗಂಟೆಗೊಮ್ಮೆ ಹತ್ತು ಸಲ ಪಾದ ಮೇಲೆ ಕೆಳಗೆ ಆಡಿಸಿ. ಡಾಕ್ಟರು ಹೇಳಿದಷ್ಟು ನಡೆಯಿರಿ. ಸ್ಟೂಲ್ ಮೇಲೆ ಕಾಲಿಟ್ಟು ಕೂತರೆ ಸಾಲದು. ಅಂಗಾತ ಮಲಗಿ, ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಪಾದ ಎದೆಗಿಂತ ಮೇಲಿರಲಿ. ಬೆನ್ನಿಗೆ ನೋವಾದರೆ ದಿಂಬು ಕಡಿಮೆ ಮಾಡಿ.

ಎಲ್ಲರೂ ಎಡವುವುದು ಸ್ಟಾಕಿಂಗ್ಸ್, ಅಂದರೆ ಊತ ತಡೆಯಲು ಕಾಲಿಗೆ ತೊಡಿಸುವ ಬಿಗಿಯಾದ ಉದ್ದ ಕಾಲುಚೀಲ, ಹಾಕುವಾಗ. ಬೇಕೋ ಬೇಡವೋ ಎಂದು ಡಾಕ್ಟರನ್ನೇ ಕೇಳಿ, ಕಾಲಿಗೆ ರಕ್ತ ತರುವ ನಾಳ ಕಟ್ಟಿಕೊಂಡವರಿಗೆ ಅದು ಅಪಾಯ. ಬೆಳಿಗ್ಗೆ ಊತ ಕಡಿಮೆ ಇರುತ್ತದೆ, ಅಳತೆ ಆಗಲೇ ತೆಗೆಸಿ. 'ಎಲ್ಲರಿಗೂ ಒಂದೇ ಸೈಜ್' ಎಂದು ಮಾರುವುದನ್ನು ಕೊಳ್ಳಲೇಬೇಡಿ. ಹಾಸಿಗೆಯಿಂದ ಏಳುವ ಮೊದಲೇ ಹಾಕಬೇಕು, ಅದೂ ಬೇರೆಯವರ ಕೈಯಿಂದ. ರೋಗಿ ಬಗ್ಗಿ ಎಳೆದುಕೊಂಡರೆ ಬೆನ್ನಿನ ಗತಿ ಏನು?

ಸ್ಟಾಕಿಂಗ್ಸ್ ಒಳಗೆ ಕೈ ಹಾಕಿ ಅದರ ಹಿಮ್ಮಡಿಯ ಜಾಗ ಚಿವುಟಿ ಹಿಡಿಯಿರಿ. ಅಲ್ಲಿಯವರೆಗೆ ಒಳಮೈ ಹೊರಗೆ ಬರುವಂತೆ ಮಗುಚಿ. ಪಾದಕ್ಕೆ ತೊಡಿಸಿ ಹಿಮ್ಮಡಿ ಸರಿಯಾಗಿ ಕೂರಿಸಿ. ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸಿ, ತುದಿ ಹಿಡಿದು ಜಗ್ಗಬೇಡಿ. ಆಮೇಲೆ ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಉದ್ದ ಜಾಸ್ತಿ ಆಯ್ತು ಅಂತ ಮೇಲ್ತುದಿಯನ್ನು ಮಡಚುತ್ತಾರಲ್ಲ, ಅದೇ ದೊಡ್ಡ ತಪ್ಪು. ಮಡಿಕೆ ಹಗ್ಗ ಕಟ್ಟಿದಂತೆ ಬಿಗಿದು, ಚರ್ಮದಲ್ಲಿ ಕೆಂಪು ಗೆರೆ ಕೊರೆದು, ಊತವನ್ನು ಹೆಚ್ಚಿಸುತ್ತದೆ. ಬೆನ್ನಿನ ತೊಂದರೆ ಇದ್ದವರಿಗೆ ಪಾದ ಜೋಮು ಹಿಡಿದಿರಬಹುದು. ಆಗ ಸುಕ್ಕು ಒತ್ತುವುದೂ ಗೊತ್ತಾಗುವುದಿಲ್ಲ, ನೋಡುವವರ ಕಣ್ಣೇ ಬೇಕು. ದಿನಕ್ಕೊಮ್ಮೆಯಾದರೂ ಬಿಚ್ಚಿ ಹಿಮ್ಮಡಿ ನೋಡಿ. ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಬಿಚ್ಚಿ ಡಾಕ್ಟರಿಗೆ ಫೋನ್ ಮಾಡಿ. ಇದರ ಬದಲು ಕ್ರೇಪ್ ಬ್ಯಾಂಡೇಜ್ ಸುತ್ತುವ ಅಡ್ಡದಾರಿ ನನಗಂತೂ ಒಪ್ಪಿಗೆಯಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗಿಬಿಡುತ್ತದೆ.

ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳಿಂದಲೂ ಕಾಲು ಊದುವುದುಂಟು. ಸುಮ್ನೆ ನಿಲ್ಲಿಸಬೇಡಿ, ಮೂತ್ರ ಹೋಗಿಸುವ ಮಾತ್ರೆಯನ್ನೂ ನೀವೇ ನುಂಗಬೇಡಿ. ಚೀಟಿ ಹಿಡಿದು ಹೋಗಿ ಡಾಕ್ಟರನ್ನು ಕೇಳಿ.